ರಕಿಮಿನ್ ಕೂಗದ ಸಂಜೆ

ಪಾ ರಕಿಮಿನ್ ಹೆಣವಾಗಿ ಸಿಕ್ಕಿದ್ದು ಅವರದೇ ವೆಲ್ಡಿಂಗ್ ಶೆಡ್ಡಿನಲ್ಲಿ — ಸೋಮವಾರ ಸಂಜೆ, ಮಸೀದಿಯಲ್ಲಿ ಮಗ್ರಿಬ್ ನಮಾಜಿನ ಕರೆ ಮುಗಿಯುವ ಮೊದಲು.

ಅವರ ಮಗಳು ನಾನಿಕ್‌ಳ ಕೂಗು ಕೇಳಿ ನಾನು ಓಡಿದೆ. ಶೆಡ್ಡಿನಲ್ಲಿ ಕತ್ತಲೆ. ಟಾರ್ಚ್ ಹಾಕಿ ನೋಡಿದರೆ ಸಿಮೆಂಟ್ ನೆಲದ ಮೇಲೆ ನೀರು ನಿಂತಿದೆ, ನೀರಿನಲ್ಲಿ ಅವರು ಅಂಗಾತ ಮಲಗಿದ್ದಾರೆ. ಬರಿಗಾಲು. ಬರಿಗೈ. ಬಲಗೈ ಬೆರಳುಗಳ ನಡುವೆ ವೆಲ್ಡಿಂಗ್ ಹೋಲ್ಡರ್, ಅದರ ಬಾಯಲ್ಲಿ ಅರ್ಧ ಉರಿದ ರಾಡು. ಕಪ್ಪು ಗಾಜಿನ ಮುಖವಾಡ ಗೋಡೆಯ ಮೊಳೆಯಲ್ಲೇ ಇದೆ.

ನಾನಿಕ್ ಅಪ್ಪನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಮೇನ್ ಆರಿಸಿದೀನಿ ಬು," ಎಂದಳು. "ಮುಟ್ಟೋಕೆ ಮುಂಚೆ ಮೇನ್ ಆರಿಸ್ಬೇಕು ಅಂತ ಅಪ್ಪಾನೇ ಹೇಳ್ಕೊಟ್ಟಿದ್ದು." ಆಮೇಲೆ, "ನೆಲಕ್ಕೆ ನೀರು ಚೆಲ್ಲಿದ್ದು ನಾನೇ."

ನನ್ನ ಹೆಸರು ಮುರ್ಯಾನಿ. ಕೆಡುಂಗ್ವಾರುವಿನ ಈ ಓಣಿಗೆ, ಮೂವತ್ತೆಂಟು ಮನೆಗೆ, ನಾನು ಮುಖ್ಯಸ್ಥೆ. ಹಿರಿಯ ಗಂಡಸರನ್ನು ಪಾ, ಅಂದರೆ ಅಪ್ಪ, ಎನ್ನುವ ಹಾಗೆ ನನ್ನನ್ನು ಎಲ್ಲರೂ ಬು ಎನ್ನುತ್ತಾರೆ, ಅಂದರೆ ಅಮ್ಮ. ಮಗುವಿನ ಜ್ವರದಿಂದ ಹಿಡಿದು ಕೋಳಿ ಜಗಳದವರೆಗೆ ಎಲ್ಲವೂ ಈ ಅಮ್ಮನ ತಲೆಗೇ. ಒಂಬತ್ತು ವರ್ಷವಾಯಿತು. ನಿಜ ಹೇಳಬೇಕೆಂದರೆ ಸಾಕಾಗಿಹೋಗಿದೆ.

ಹೆಣ ಎತ್ತಲು ಗಂಡಸರು ಬೇಕಿತ್ತು. ನಮ್ಮ ಯಜಮಾನರು ಜುವಾದಿ ಆಗಷ್ಟೇ ಸ್ನಾನ ಮಾಡಿ ನಿಂತಿದ್ದರು. ಒದ್ದೆ ತಲೆಯಲ್ಲೇ ಬಂದರು. ಅಲ್ಲಿಂದ ಮೂರು ದಿನ ಅವರು ಮನೆ ಕಡೆ ತಲೆ ಹಾಕಲಿಲ್ಲ. ಹೆಣ ಎತ್ತಿದರು, ಮೈ ತೊಳೆಯಲು ಕೈಹಾಕಿದರು, ಗುಂಡಿ ತೋಡಿದರು, ಬಂದವರಿಗೆ ಚಾಪೆ ಹಾಸಿದರು. ಇಬ್ಬರೂ ನಲವತ್ತು ವರ್ಷದ ಸ್ನೇಹಿತರು.

ಊರು ಮಾತ್ರ ಅಡ್ಡಾದಿಡ್ಡಿ ಮಾತಾಡಿತು. ರಕಿಮಿನ್ ಅಂದರೆ ಶಿಸ್ತಿನ ಮುದುಕ. ಅಕ್ಕಿ ಡಬ್ಬದಷ್ಟು ದೊಡ್ಡ ವೆಲ್ಡಿಂಗ್ ಮೆಷಿನ್ನನ್ನು ತಾವೇ ತಾಮ್ರದ ತಂತಿ ಸುತ್ತಿ ಮಾಡಿಕೊಂಡಿದ್ದರು. ಒಣಗಿದ ಬೂಟಿಲ್ಲದೆ, ಚರ್ಮದ ಕೈಗವಸಿಲ್ಲದೆ ಅದರ ಹತ್ತಿರ ಹೋಗುತ್ತಿರಲಿಲ್ಲ. ಅಕ್ಕಪಕ್ಕ ಗೋಣಿಚೀಲ ಇದ್ದರೆ ಎತ್ತಿಸುತ್ತಿದ್ದರು, ಕಿಡಿ ಆರಿಸಲು ಮರಳಿನ ಬಕೀಟು ಇಡುತ್ತಿದ್ದರು, ನೋಡಲು ನಿಂತ ಮಕ್ಕಳನ್ನು ಕಣ್ಣು ಹೋಗುತ್ತದೆ ಎಂದು ಗದರಿ ಓಡಿಸುತ್ತಿದ್ದರು. ಅಂಥವರು ಬರಿಗಾಲಲ್ಲಿ, ನೀರಲ್ಲಿ ನಿಂತು ಸತ್ತರಂತೆ. ಊರಿಗೆಲ್ಲ ಪಾಠ ಹೇಳಿ ಕೊನೆಗೆ ನೋಡು — ಎಂದು ಹೆಣದ ಮನೆಯಲ್ಲೇ ಚಹಾ ಕುಡಿಯುತ್ತ ಆಡಿಕೊಂಡರು.

ಮಂಗಳವಾರ ಬೆಳಿಗ್ಗೆ ಮಣ್ಣು ಮಾಡಿದೆವು. ಇದು ವಿಧಿ, ಹೆಣ ಕೊಯ್ಯುವುದು ಬೇಡ ಎಂಬ ಕಾಗದಕ್ಕೆ ನಾನಿಕ್ ಸಹಿ ಹಾಕಿದಳು. ಬುಧವಾರ ಪೊಲೀಸ್ ಠಾಣೆಗೆ ನಡೆದುಕೊಂಡು ಹೋಗಿ, ಅಪ್ಪನನ್ನು ಕೊಂದವಳು ನಾನೇ, ಒಳಗೆ ಹಾಕಿ ಎಂದಳಂತೆ. ಅವರು ವಾಪಸು ಮನೆಗೆ ಕಳಿಸಿದರು.

ಹಾಗಾಗಿ ಗುರುವಾರ ಪಾ ದರ್ಸೊನೊ ಬಂದರು.

ದರ್ಸೊನೊ ನಮ್ಮ ಹಳ್ಳಿಗೆ ಗೊತ್ತುಮಾಡಿದ ಪೊಲೀಸು. ನಿವೃತ್ತಿಗೆ ನಾಲ್ಕು ತಿಂಗಳು. ಎರಡೂ ಮಂಡಿ ಹೋಗಿವೆ. ಬೈಕಿನಿಂದ ಇಳಿಯಲು ಒಂದು ನಿಮಿಷ ಬೇಕು.

"ನಾನು ಕೊಂದಿಲ್ಲ ಅನ್ನೋರನ್ನ ಮೂವತ್ತೈದು ವರ್ಷ ನೋಡಿದೀನಿ," ಎಂದರು, ನಮ್ಮ ಜಗಲಿಯಲ್ಲಿ ಕೂತು. "ಕೊಂದೆ ಅಂತ ತಾನಾಗೇ ಬರೋರು ಕಮ್ಮಿ. ಅಂಥವರು ಬಂದ್ರೆ ಕೆಲಸ ಜಾಸ್ತಿ. ನೀವೂ ಬನ್ನಿ ಬು. ಹೆಣ್ಮಗಳು, ಒಬ್ಬಳೇ ಇದಾಳೆ."

"ಅವಳು ಸೋಮವಾರದಿಂದ ಒಂದು ತುತ್ತು ತಿಂದಿಲ್ಲ ಪಾ. ನಿಮ್ಮ ಪ್ರಶ್ನೆ ಕಮ್ಮಿ ಇರ್ಲಿ."

"ಕಮ್ಮೀನೇ ಕೇಳ್ತೀನಿ. ನನಗೂ ಕೂತು ಕೂತು ಮಂಡಿ ನೋವು."

ನಾನಿಕ್ ನಡುಮನೆಯಲ್ಲಿ ಗೋಡೆಗೆ ಒರಗಿದ್ದಳು. ಪಕ್ಕದಲ್ಲಿ ಯಾರೋ ತಂದಿಟ್ಟ ಗಂಜಿ ಕೆನೆಗಟ್ಟಿತ್ತು.

"ನೀರು ಯಾವಾಗ ಚೆಲ್ಲಿದ್ದು ನಾನಿಕ್?"

"ನಾಲ್ಕು ಗಂಟೆ ಇರ್ಬೇಕು. ಬಟ್ಟೆ ಒಗೆದ ಬಕೀಟು ಹಿತ್ತಲಿಗೆ ತಗೊಂಡು ಹೋಗ್ತಿದ್ದೆ. ಶೆಡ್ಡಲ್ಲಿ ತುಳುಕ್ತು. ಒರೆಸ್ತೀನಿ ಅಂದ್ಕೊಂಡು ಮರ್ತೆ."

"ಅಪ್ಪ ಎಲ್ಲಿದ್ರು?"

"ಹಿತ್ತಲಲ್ಲಿ. ಸಂಜೆ ಬಾತುಕೋಳಿ ಎಣಿಸಿ ಗೂಡಿಗೆ ಬಿಡೋದು ಅವರೇ. ಅವತ್ತು ಒಂದು ಕಮ್ಮಿ ಇದೆ, ಹುಡುಕ್ತೀನಿ ಅಂದ್ರು. ಅದು ಇನ್ನೂ ಸಿಕ್ಕಿಲ್ಲ."

"ಆಮೇಲೆ?"

"ನಾನು ಒಳಗೆ ಬಂದೆ. ಕೆಲಸ ಮುಗಿಸಿ ಕರೆಯೋಕೆ ಹೋದ್ರೆ…" ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ರೇಡಿಯೋ ಹಾಕಿದ್ದೆ ಪಾ. ಅಪ್ಪ ಕೂಗಿರ್ಬೇಕು. ನನಗೆ ಕೇಳಿಸ್ಲಿಲ್ಲ."

"ಏನಂತ ಕೂಗ್ತಾರೆ?"

ಉತ್ತರ ನಾನೇ ಹೇಳಿದೆ. ಇದು ಓಣಿಗೆಲ್ಲ ಗೊತ್ತಿರುವ ವಿಷಯ. ನಮ್ಮ ಮನೆಗಳ ಮೀಟರ್ ಬಡವರ ಮೀಟರ್. ನೀರಿನ ಮೋಟರ್ ಓಡುವಾಗ ಅನ್ನದ ಕುಕ್ಕರ್ ಹಾಕಿದರೂ ಟಪ್ ಎಂದು ಬಿದ್ದು ಇಡೀ ಮನೆಯ ಕರೆಂಟ್ ಹೋಗುತ್ತದೆ. ಹಾಗಾಗಿ ಮನೆಯಲ್ಲಿ ವೆಲ್ಡಿಂಗ್ ಇಟ್ಟವರು ಶುರು ಮಾಡುವ ಮೊದಲು ಎಲ್ಲ ಆರಿಸಿ ಎಂದು ಒಳಗೆ ಕೂಗಬೇಕು. ರಕಿಮಿನ್ ಕೂಗಿದರೆ ನಮ್ಮ ಮನೆಗೂ ಕೇಳಿಸುತ್ತಿತ್ತು.

"ಅವತ್ತು ನಿಮಗೆ ಕೇಳಿಸ್ತಾ ಬು?"

"ನಾನು ಅಡುಗೆಮನೇಲಿ ಕೊಬ್ಬರಿ ತುರೀತಿದ್ದೆ. ಗಮನ ಕೊಡ್ಲಿಲ್ಲ."

ದರ್ಸೊನೊ ತಲೆಯಾಡಿಸಿದರು. ಮೂಲೆಯಲ್ಲಿ ಮಡಿಸಿಟ್ಟ ಬಟ್ಟೆಯ ರಾಶಿಯನ್ನು ಒಮ್ಮೆ ನೋಡಿ, ಎದ್ದು ಶೆಡ್ಡಿಗೆ ಹೋದರು. ಹಿಂದಿನ ಬಾಗಿಲ ಪಕ್ಕ ನೀರಿನ ತೊಟ್ಟಿ, ಹೊಸಿಲ ಹೊರಗೆ ರಕಿಮಿನ್ನರ ಬೂಟು ಜೋಡಿಸಿಟ್ಟಿತ್ತು. ಅದರಾಚೆ ಹಿತ್ತಲು, ಕಾಲುವೆ, ಗದ್ದೆಗಳು. ಕಾಲುವೆ ದಾಟಿದರೆ ಮೊದಲ ಪಟ್ಟಿ ನಮ್ಮದು.

"ಬೂಟು ಇಲ್ಲಿಗೆ ಯಾರು ತಂದಿಟ್ರು?"

"ಯಾರೂ ಮುಟ್ಟಿಲ್ಲ," ಎಂದಳು ನಾನಿಕ್. "ಸೋಮವಾರದಿಂದ ಹಾಗೇ ಇದೆ."

ಅಲ್ಲಿಂದ ನಾಲ್ಕು ರಸ್ತೆ ಕೂಡುವಲ್ಲಿರುವ ಗೀತೊ ಅಂಗಡಿಗೆ ಹೋದೆವು. ಗೀತೊ ಕೂಡ ವೆಲ್ಡರ್. ರಕಿಮಿನ್ನರ ಗಿರಾಕಿಗಳನ್ನು ಎಳೆಯಲು ಹೋಗಿ ಬೈಗುಳ ತಿಂದವನು. ಹೋದ ತಿಂಗಳು ಇಬ್ಬರೂ ಸಂತೆಯಲ್ಲಿ ಕೈಕೈ ಮಿಲಾಯಿಸುವವರೆಗೆ ಹೋಗಿದ್ದರು.

"ಬಂದ್ರಾ?" ಎಂದ ಅವನು, ಎದ್ದು ನಿಲ್ಲದೆ. "ಮೂರು ದಿನದಿಂದ ಕಾಯ್ತಿದೀನಿ. ಊರಲ್ಲಿ ಏನಾದ್ರೂ ಆದ್ರೆ ಗೀತೊ ಇದಾನಲ್ಲ."

"ಸೋಮವಾರ ಸಂಜೆ ಎಲ್ಲಿದ್ದೆ?"

"ಸೇತುವೆ ಹತ್ರ ಹಾಜಿ ಮನೆ ಗೇಟು ಕೂರಿಸ್ತಿದ್ದೆ. ಮನೆಮಂದಿಯೆಲ್ಲ ಕುರ್ಚಿ ಹಾಕ್ಕೊಂಡು ನೋಡ್ತಿದ್ರು. ಕೇಳ್ಕೊಳ್ಳಿ."

"ಜಗಳ ಯಾಕಾಯ್ತು?"

"ಮುಖವಾಡ ಇಲ್ದೆ ವೆಲ್ಡ್ ಮಾಡ್ತೀಯ ಅಂತ ನಾಲ್ಕು ಜನರ ಮುಂದೆ ಬೈದ. ಆ ಮುದುಕನ ಕೈಲಿ ಬೈಸ್ಕೊಳ್ಳದೆ ಇರೋರು ಯಾರಿದಾರೆ ಪಾ? ಮುಖವಾಡ ಇಲ್ಲ ಅಂತ ನನಗೆ. ವೈರು ಕಿತ್ತುಹೋಗಿದೆ ಅಂತ ಐಸ್ ಮಾರೋನಿಗೆ. ಇಲಿಗೆ ಅಂತ ಗದ್ದೆ ಸುತ್ತ ಕರೆಂಟ್ ತಂತಿ ಕಟ್ಟೋರಿಗಂತೂ…" ಅವನು ನನ್ನ ಮುಖ ನೋಡಿ ಮಾತು ನುಂಗಿದ. "ಹೋಗ್ಲಿ ಬಿಡಿ. ಒಂದು ಮಾತು ಹೇಳ್ತೀನಿ. ಬರಿಗೈಲಿ ಹೋಲ್ಡರ್ ಹಿಡಿದ ಅಂದ್ರೆ ನಾನು ನಂಬಲ್ಲ. ಹುಚ್ಚು ಹಿಡಿದಿದ್ರೂ ಅವನು ಗವಸು ಹಾಕ್ಕೊಂಡೇ ಹಿಡೀತಿದ್ದ."

ಹೇಳಿ ಅವನು ಮುಖ ತಿರುಗಿಸಿ ಸುತ್ತಿಗೆ ಎತ್ತಿಕೊಂಡ. ನಾವು ಹೊರಗೆ ಬಂದೆವು.

ಗದ್ದೆಗೆ ಕರೆಂಟ್ ತಂತಿ ಕಟ್ಟಬಾರದು ಎಂಬ ಸೂಚನೆಯನ್ನು ಓಣಿಯ ಗೋಡೆಗೆ ಅಂಟಿಸಿದವಳು ನಾನೇ. ಕೆಳಗೆ ನನ್ನದೇ ಸಹಿ. ಇಲಿಗಳು ಒಂದೇ ವಾರದಲ್ಲಿ ಅರ್ಧ ಬೆಳೆ ತಿನ್ನುತ್ತವೆ. ಓದಿದವರು ಓದಿದರು, ಕಟ್ಟುವವರು ಕಟ್ಟಿದರು. ಕಿತ್ತುಹಾಕಿ ಎಂದು ಮನೆಮನೆಗೆ ಹೋಗುವ ತ್ರಾಣ ನನ್ನಲ್ಲಿರಲಿಲ್ಲ.

ಮಸೀದಿಯಲ್ಲಿ ಮುದುಕ ಪಾ ಕಸನ್ ಸಿಕ್ಕಿದರು. ಓಣಿಯಲ್ಲಿ ಯಾರು ಸತ್ತರೂ ಮೈ ತೊಳೆಸುವುದು ಅವರ ಹೊಣೆ.

"ರಕಿಮಿನ್ ಕೈ ಹೇಗಿತ್ತು?" ಎಂದು ದರ್ಸೊನೊ ಕೇಳಿದರು.

"ಹೇಗಿರುತ್ತೆ? ವೆಲ್ಡರ್ ಕೈ. ಹಳೇ ಕಲೆ, ಜಡ್ಡು."

"ಹೊಸ ಸುಟ್ಟ ಗಾಯ?"

ಕಸನ್ ಯೋಚಿಸಿದರು. "ಇಲ್ಲ. ಬೆರಳುಬೆರಳು ಬಿಡಿಸಿ ತೊಳೆದೋನು ನಾನೇ. ಹೊಸದು ಏನೂ ಇರ್ಲಿಲ್ಲ."

"ಕಾಲಲ್ಲಿ?"

"ಕಾಲಿನ ಕಡೆ ನಾನು ಹೋಗ್ಲಿಲ್ಲಪ್ಪ. ಅದನ್ನ ಜುವಾದಿ ನೋಡ್ಕೊಂಡ. ನನ್ನ ಸ್ನೇಹಿತ, ನಾನೇ ತೊಳೀತೀನಿ ಅಂತ ಬೇರೆ ಯಾರನ್ನೂ ಬಿಡ್ಲಿಲ್ಲ."

ನನಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಸ್ನೇಹಿತರಲ್ಲವೇ, ಅಂದುಕೊಂಡೆ.

ಮತ್ತೆ ನಾನಿಕ್‌ಳ ಮನೆ. ಈ ಸಲ ದರ್ಸೊನೊ ಕೂರಲಿಲ್ಲ.

"ಅವತ್ತು ಒಳಗೆ ಬಂದು ಏನು ಕೆಲಸ ಮಾಡ್ತಿದ್ದೆ? ಕೆಲಸ ಮುಗಿಸಿ ಅಂದೆಯಲ್ಲ."

"ಇಸ್ತ್ರಿ. ಹೊರಗಿನೋರ ಬಟ್ಟೆ, ಹದಿನೆಂಟು ಅಂಗಿ."

"ಎಷ್ಟೊತ್ತು?"

"ನಾಲ್ಕೂವರೆಯಿಂದ ಅಪ್ಪನ್ನ ಕರೆಯೋಕೆ ಹೋಗೋವರೆಗೂ."

"ನಡುವೆ ಕರೆಂಟ್ ಹೋಯ್ತಾ?"

"ಇಲ್ಲ."

"ಒಂದು ಸಲಾನೂ?"

"ಇಲ್ಲ ಪಾ. ರೇಡಿಯೋ ಓಡ್ತಾನೇ ಇತ್ತು."

"ಇಸ್ತ್ರಿ ಪೆಟ್ಟಿಗೆ ಹಾಕು. ಬು, ನೀವು ನನ್ನ ಜೊತೆ ಶೆಡ್ಡಿಗೆ ಬನ್ನಿ."

ಮೆಷಿನ್ನಿನ ಪ್ಲಗ್ಗು ಮೇಜಿನ ಕೆಳಗೆ ಬಿದ್ದಿತ್ತು. ದರ್ಸೊನೊ ಅದನ್ನು ಎತ್ತಿಕೊಂಡರು. ಬಾಗಿಲಲ್ಲಿ ಬಂದು ನಿಂತ ನಾನಿಕ್ ಮೂರು ದಿನದಲ್ಲಿ ಮೊದಲ ಸಲ ದನಿ ಏರಿಸಿದಳು: "ಚಪ್ಪಲಿ ಕಾಲಲ್ಲಿ ಬೇಡ ಪಾ. ಬೂಟು ಹಾಕ್ಕೊಳ್ಳಿ. ಗವಸು ಅಲ್ಲಿದೆ."

ಅವರು ಎರಡನ್ನೂ ಹಾಕಿಕೊಂಡರು. ಪ್ಲಗ್ಗು ಚುಚ್ಚಿದರು. ಮೆಷಿನ್ನಿನ ಗುಂಡಿ ಒತ್ತಿದರು.

ಟಪ್. ಇಡೀ ಮನೆಯ ಕರೆಂಟ್ ಹೋಯಿತು.

"ಯಾವಾಗಲೂ ಹೀಗೇನಾ?"

"ಯಾವಾಗಲೂ," ಎಂದಳು ನಾನಿಕ್. "ಅಪ್ಪ ಕೈಯಲ್ಲಿ ಸುತ್ತಿದ್ದು. ಶುರುವಿಗೇ ಒಂದು ಗುಟುಕು ಜಾಸ್ತಿ ಎಳೆಯುತ್ತೆ. ಇಸ್ತ್ರಿ ಇದ್ರೆ ತಡೆಯಲ್ಲ."

"ಸೋಮವಾರ ಈ ಗುಂಡಿ ಹೇಗಿತ್ತು ಬು?"

"ಒತ್ತಿತ್ತು. ನಾನೇ ಆರಿಸ್ದೆ."

"ಪ್ಲಗ್ಗು?"

"ಹೀಗೇ ಕೆಳಗೆ ಬಿದ್ದಿತ್ತು. ಅಷ್ಟೊತ್ತಿಗೆ ನಾನಿಕ್ ಕಿತ್ತಿದ್ಲು."

"ನಾನು ಕೀಳ್ಲಿಲ್ಲ," ಎಂದಳು ನಾನಿಕ್. "ಮೇನ್ ಆರಿಸಿದ್ದಷ್ಟೇ. ಪ್ಲಗ್ಗು ನೀವು ಕಿತ್ತಿರಿ ಅಂದ್ಕೊಂಡೆ."

ಒಬ್ಬರ ಮುಖ ಒಬ್ಬರು ನೋಡಿದೆವು. ದರ್ಸೊನೊ ಗವಸು ಬಿಚ್ಚಿ ಮೇಜಿನ ಮೇಲಿಟ್ಟರು. "ನೀನು ಒಳಗೆ ಕೂತಿರು ನಾನಿಕ್," ಎಂದು, ನನ್ನನ್ನು ಕರೆದುಕೊಂಡು ಕಾಲುವೆ ದಾಟಿದರು.

ಬದುವಿನ ಮೇಲೆ ನಿಧಾನವಾಗಿ ನಡೆದು ಒಂದು ಕಡೆ ನಿಂತರು. ಮಂಡಿ ಹಿಡಿದುಕೊಂಡು ಕೂತರು. ನಾನೂ ಕೂತೆ. ಹೊತ್ತು ಇಳಿಯುತ್ತಿತ್ತು. ಭತ್ತ ಹಾಲು ತುಂಬಿ ನಿಂತಿತ್ತು.

"ಅವರು ಶೆಡ್ಡಲ್ಲಿ ಸಾಯಲಿಲ್ಲ ಬು," ಎಂದರು. "ನಾವೆಲ್ಲ ಒದ್ದೆ ನೆಲ ನೋಡಿದ್ವಿ, ಹೋಲ್ಡರ್ ನೋಡಿದ್ವಿ, ಅಲ್ಲಿಗೇ ನಿಂತ್ವಿ. ಒಳಗೆ ಇಸ್ತ್ರಿ ಪೆಟ್ಟಿಗೆ ಕಾದಿತ್ತು ಅನ್ನೋದನ್ನ ಯಾರೂ ಕೇಳ್ಲಿಲ್ಲ. ಅವಳೂ ಹೇಳ್ಲಿಲ್ಲ, ಅವಳಿಗೆ ನೀರು ಬಿಟ್ಟು ಬೇರೇನೂ ತಲೇಲಿ ಇಲ್ಲ. ಮೆಷಿನ್ ಚಾಲೂ ಆಗಿದ್ರೆ ಕರೆಂಟ್ ಹೋಗ್ಬೇಕಿತ್ತು. ಹೋಗ್ಲಿಲ್ಲ. ಅಂದ್ರೆ ಚಾಲೂ ಆಗಿಲ್ಲ. ಗುಂಡಿ ಒತ್ತಿದೋನು ಪ್ಲಗ್ಗು ಚುಚ್ಚಿಲ್ಲ."

"ಯಾಕೆ ಚುಚ್ಚಿಲ್ಲ?"

"ಹೆದರಿಕೆ. ಕರೆಂಟಿಗೆ ಒಬ್ಬ ಸತ್ತಿದ್ದನ್ನ ಆಗಷ್ಟೇ ನೋಡಿದೋನಿಗೆ ಪ್ಲಗ್ಗು ಮುಟ್ಟೋ ಧೈರ್ಯ ಎಲ್ಲಿ ಬರುತ್ತೆ?"

"ಮತ್ತೆ ಆ ನೀರು—"

"ನಾಲ್ಕು ಗಂಟೆಗೆ ಚೆಲ್ಲಿದ ನೀರು ಈ ಬಿಸಿಲಿಗೆ ಆರು ಗಂಟೆವರೆಗೂ ನಿಲ್ಲುತ್ತಾ? ಅದು ಬೇರೆ ನೀರು. ಯಾರೋ ಶೆಡ್ಡಿನ ತೊಟ್ಟಿಯಿಂದ ಮೊಗೆದು ರಕಿಮಿನ್ ಕಾಲಿನ ಕೆಸರು ತೊಳೆದಿದಾರೆ. ಬೂಟು ಬಿಚ್ಚಿಟ್ಟು ಬಾತುಕೋಳಿ ಹುಡುಕೋಕೆ ಗದ್ದೆಗೆ ಇಳಿದೋರ ಕಾಲು ಅದು. ಅಂಗೈಲಿ ಗಾಯ ಇಲ್ಲ. ಗಾಯ ಇದ್ದದ್ದು ಕಾಲಲ್ಲಿ. ತಂತಿ ತಗುಲಿದ ಕಡೆ ಗೆರೆ ಎಳೆದ ಹಾಗೆ ಸುಟ್ಟಿರುತ್ತೆ. ಇಂಥ ಕಾಲು ನಾನು ಪಕ್ಕದ ಹಳ್ಳಿಗಳಲ್ಲಿ ಮೂರು ನೋಡಿದೀನಿ."

ಅವರು ಬೆರಳು ತೋರಿಸಿದರು. ಬದುವಿನುದ್ದಕ್ಕೂ ಗೂಟ ಕಿತ್ತ ತೂತುಗಳು, ಮೊಳಕ್ಕೊಂದು. ಒಂದು ತೂತಿನ ಪಕ್ಕ ಕೆಸರಿಗೆ ಅಂಟಿಕೊಂಡ ಕಂದು ಬಾತುಕೋಳಿ ಪುಕ್ಕ. ಅದರಾಚೆ ಇಲಿಗಳು ಕಡಿದು ಮಲಗಿಸಿದ ಭತ್ತ, ಹಸಿ ಗಾಯದ ಹಾಗೆ.

"ಎರಡೂ ಪಕ್ಕದ ಪಟ್ಟಿಗಳಲ್ಲಿ ತಂತಿ ಈಗಲೂ ಇದೆ. ಇದರಲ್ಲಿ ಮಾತ್ರ ಕಿತ್ತಿದಾರೆ. ತೆನೆ ಹಾಲು ತುಂಬಿದಾಗ ಇಲಿ ತಂತಿ ಕೀಳೋ ರೈತನ್ನ ನೀವು ನೋಡಿದೀರಾ?"

ಆ ತಂತಿ ನಮ್ಮ ಅಡುಗೆಮನೆಯ ಹಿಂದಿನ ಸ್ವಿಚ್ಚಿನಿಂದ ಬರುತ್ತಿತ್ತು. ಅದರ ಪಕ್ಕದಲ್ಲೇ ಕೂತು ನಾನು ಕೊಬ್ಬರಿ ತುರಿದಿದ್ದೆ.

"ಬೆಳಿಗ್ಗೇನೇ ನಿಮಗೆ ಅನುಮಾನ ಬಂತಾ?" ಎಂದು ಕೇಳಿದೆ.

"ಇಲ್ಲ. ಕಸನ್ ಹೇಳಿದ ಮೇಲೆ." ಅವರು ಕಾಲುವೆ ಕಡೆ ನೋಡುತ್ತ ಕೂತಿದ್ದರು. "ಹೆಸರು ನಾನು ಹೇಳ್ಬೇಕಾ ಬು?"

"ಹೇಳಿ. ನನ್ನ ಬಾಯಲ್ಲಿ ಬರಲ್ಲ."

"ಜುವಾದಿ," ಎಂದರು ದರ್ಸೊನೊ.

ನಮ್ಮ ಯಜಮಾನರು ಜಗಲಿಯಲ್ಲಿದ್ದರು. ನಮ್ಮಿಬ್ಬರನ್ನು ಒಟ್ಟಿಗೆ ಕಂಡ ಕೂಡಲೇ ಅವರಿಗೆ ಗೊತ್ತಾಯಿತು. ಬಾಯಿ ಬಿಡಿಸಬೇಕಾದ ಕಷ್ಟವೇ ಬರಲಿಲ್ಲ.

"ಯಾವಾಗಲೂ ಎಲ್ಲರೂ ಮನೆ ಸೇರಿದ ಮೇಲೆ ಹಾಕ್ತಿದ್ದೆ," ಎಂದರು. "ಅವತ್ತು ಬೆಳಿಗ್ಗೆಯಿಂದ ಔಷಧಿ ಹೊಡೆದು ಸಾಕಾಗಿತ್ತು. ಬೇಗ ಮಲಗೋಣ ಅಂತ ಐದು ಗಂಟೆಗೇ ಸ್ವಿಚ್ ಹಾಕ್ಬಿಟ್ಟೆ. ಬಾತುಕೋಳಿ ಕಿರುಚಿದ್ದು ಕೇಳ್ತು. ಆರಿಸಿ ಓಡಿ ಹೋಗಿ ನೋಡಿದ್ರೆ ಕೋಳಿ ಪಕ್ಕ ಅವನು. ಎದೆ ಒತ್ತಿದೆ, ಹೆಸರು ಹಿಡಿದು ಕರೆದೆ. ಹೋಗ್ಬಿಟ್ಟಿದ್ದ."

"ಆಗ್ಲೇ ಕೂಗಿ ಜನ ಸೇರಿಸ್ಬಹುದಿತ್ತಲ್ರೀ," ಎಂದೆ.

"ಗೋಡೆ ಮೇಲಿನ ಕಾಗದದಲ್ಲಿ ನಿನ್ನ ಸಹಿ ಇತ್ತು."

"ನನ್ನ ಮೇಲೆ ಹಾಕ್ಬೇಡಿ."

"ಹಾಕ್ತಿಲ್ಲ. ಹೆದರಿದೆ. ಹೆಗಲ ಮೇಲೆ ಹೊತ್ಕೊಂಡು ಹಿಂದಿನ ಬಾಗಿಲಿಂದ ತಂದು ಮಲಗಿಸ್ದೆ. ಅಪಘಾತ ಅಂತಾರೆ, ಯಾರಿಗೂ ತೊಂದ್ರೆ ಇಲ್ಲ ಅಂದ್ಕೊಂಡೆ. ಆ ಹುಡುಗಿ ಅದನ್ನ ತನ್ನ ತಲೆಗೆ ಕಟ್ಕೊಳ್ತಾಳೆ ಅಂತ ನನಗೇನು ಗೊತ್ತು?"

"ಗೊತ್ತಾದ ಮೇಲೆ ಮೂರು ದಿನ ಇತ್ತು," ಎಂದರು ದರ್ಸೊನೊ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಅವಳ ಮನೆ ಚಾಪೆ ಮೇಲೆ ಕೂತು ಅವಳದೇ ಚಹಾ ಕುಡಿದ್ರಿ. ಅಂಗಿ ಹಾಕ್ಕೊಳ್ಳಿ, ಠಾಣೆಗೆ ಹೋಗೋಣ."

ಜುವಾದಿ ಒಳಗೆ ಹೋದರು. ಮೂವತ್ತೊಂದು ವರ್ಷ ಬಾಳಿದವರ ಮೇಲೆ ಆ ಹೊತ್ತಿನಲ್ಲಿ ನನಗೆ ಅಸಹ್ಯವೂ ಬಂತು, ಅವರ ಊಟ ಆಗಿಲ್ಲವಲ್ಲ ಎಂಬ ಸಂಕಟವೂ ಬಂತು. ಎರಡನ್ನೂ ಅಲ್ಲೇ ಬಿಟ್ಟು ನಾನು ನಾನಿಕ್‌ಳ ಮನೆಗೆ ಹೋದೆ. ಇದನ್ನು ಪೊಲೀಸರು ಹೇಳುವುದು ನನಗೆ ಬೇಡವಾಗಿತ್ತು.

ದರ್ಸೊನೊ ಕೂತಿರು ಎಂದಿದ್ದ ಜಾಗದಲ್ಲೇ ಅವಳು ಕೂತಿದ್ದಳು.

"ನಿಮ್ಮಪ್ಪ ಅವತ್ತು ವೆಲ್ಡಿಂಗ್ ಮಾಡ್ಲೇ ಇಲ್ಲ ಕಣೇ," ಎಂದೆ. "ನೀನು ಚೆಲ್ಲಿದ ನೀರು ಯಾವಾಗಲೋ ಒಣಗಿತ್ತು."

"ಅಪ್ಪ ಕೂಗಿದ್ದು?"

"ಕೂಗ್ಲಿಲ್ಲ. ಕೂಗಿದ್ರೆ ನಿನಗೆ ಕೇಳಿಸ್ತಿತ್ತು."

ಅವಳು ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಮೂರು ದಿನದಲ್ಲಿ ಅವಳು ಅತ್ತದ್ದು ಆಗಲೇ. ನಾನು ತಡೆಯಲಿಲ್ಲ. ಅಳು ಇಳಿದ ಮೇಲೆ ಉಳಿದದ್ದನ್ನೂ ಹೇಳಿದೆ: ಗದ್ದೆ, ತಂತಿ, ಹೆಗಲ ಮೇಲೆ ಹೊತ್ತು ತಂದದ್ದು, ಕಾಲು ತೊಳೆದದ್ದು, ಕೊನೆಗೆ ನನ್ನ ಗಂಡನ ಹೆಸರು.

"ಅಲ್ಲಿ ತಂತಿ ಇದ್ದದ್ದು ನಿಮಗೆ ಗೊತ್ತಿತ್ತಾ ಬು?"

ಒಂದು ಸುಳ್ಳು ಸಾಕಿತ್ತು. ಅದನ್ನು ಹೇಳುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ.

"ಗೊತ್ತಿತ್ತು," ಎಂದೆ.

ನಾನಿಕ್ ಕಣ್ಣೊರೆಸಿಕೊಂಡು ಎದ್ದಳು. ಕೆನೆಗಟ್ಟಿದ ಗಂಜಿಯ ಬಟ್ಟಲು ಎತ್ತಿಕೊಂಡು, ಬಿಸಿ ಮಾಡಲು ಒಳಗೆ ಹೋದಳು. ನನ್ನನ್ನು ಕೂರು ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ನಾನು ಹೊರಗೆ ಬಂದೆ. ಠಾಣೆಯಲ್ಲಿ ನನ್ನ ಹೇಳಿಕೆಯನ್ನೂ ಬರೆಸಬೇಕಿತ್ತು.